ಒಂದು ಕಾರ್ಡಿನ ಪಾಠ

(ಬಾನುಲಿ ಭಾಷಣ)

ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದ ಅಧ್ಯಾಪಕನೊಬ್ಬನು ಗಣಕಯಂತ್ರದ ಹೊಟ್ಟೆಯೊಳಗಿನ ಒಂದು ಕಾರ್ಡಿನ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ವಿಚಿತ್ರವೆನಿಸುವುದು ಸಹಜ. ಕೇಶಿರಾಜನ ಸೂತ್ರಗಳಲ್ಲಿ ಆಯುಸ್ಸು ಕಳೆದವರಿಗೆ ಈ ಉಸಾಬರಿ ಏಕೆ ಎಂದು ನನ್ನ ಮನೆಯವರೇ ಕೇಳಿದ್ದುಂಟು. ನನ್ನ ಉತ್ತರ ಇಷ್ಟೇ: ಆ ಕಾರ್ಡು ನನಗೆ ಕಲಿಸಿದ್ದು ಯಂತ್ರವಿದ್ಯೆಯನ್ನಲ್ಲ, ನನ್ನದೇ ವೃತ್ತಿಯ ಒಂದು ಧರ್ಮವನ್ನು. ಅದನ್ನು ನಾನು ಮರೆತಿದ್ದೆ. ಮರೆತದ್ದು ಹೇಗೆ, ನೆನಪಾದದ್ದು ಹೇಗೆ ಎಂಬುದನ್ನು ತಮ್ಮ ಮುಂದೆ ಹೇಳಿಕೊಳ್ಳುವುದೇ ಈ ಮಾತಿನ ಉದ್ದೇಶ.

ನನ್ನ ವಾಸ ದೊಡ್ಡಬಳ್ಳಾಪುರದಲ್ಲಿ. ನಾನು ಕೆಲಸಕ್ಕೆ ಸೇರಿದ 1986ರಲ್ಲೇ ಬೆಂಗಳೂರು ಗ್ರಾಮಾಂತರವೆಂಬ ಜಿಲ್ಲೆಯೂ ಹುಟ್ಟಿತು. ಬೆಳಗಾದರೆ ನಮ್ಮ ಬೀದಿಯಲ್ಲಿ ಮೊದಲು ಕಿವಿಗೆ ಬೀಳುವುದು ವಿದ್ಯುತ್ ಮಗ್ಗಗಳ ಸದ್ದು. 2008ರಿಂದ ಈಚೆಗೆ ದೇವನಹಳ್ಳಿಯ ನಿಲ್ದಾಣಕ್ಕೆ ಬಂದಿಳಿಯುವ ವಿಮಾನಗಳ ಮೊರೆತವೂ ಅದಕ್ಕೆ ಶ್ರುತಿ ಹಿಡಿದಿದೆ. ಈ ಊರಿಗೆ ಕಾರ್ಡೆಂಬ ಮಾತು ಹೊಸದಲ್ಲ. ಮಗ್ಗದ ನೆತ್ತಿಯ ಮೇಲೆ ಕುಳಿತ ಜಕಾರ್ಡಿನಲ್ಲಿ ರಟ್ಟಿನ ಕಾರ್ಡುಗಳ ಮಾಲೆಯೊಂದು ಸುತ್ತುತ್ತಿರುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಉಪಾಯವದು. ಕಾರ್ಡಿನಲ್ಲಿ ತೂತಿರುವೆಡೆ ಕೊಕ್ಕೆ ಮೇಲೇಳುತ್ತದೆ, ಅದರೊಡನೆ ಹಾಸಿನ ಎಳೆಯೂ ಏಳುತ್ತದೆ. ತೂತಿಲ್ಲದೆಡೆ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ದಾಟುವುದಕ್ಕೆ ಒಂದು ಕಾರ್ಡು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಕಲ್ಪನೆಗೆ ಎರವಲು ತಂದದ್ದು ಈ ಕಾರ್ಡುಗಳನ್ನೇ. ಆದುದರಿಂದ ಗಣಕಯಂತ್ರಕ್ಕೆ ನಮ್ಮೂರಿನ ಮಗ್ಗ ದೂರದ ಸೋದರಮಾವನೆಂದರೆ ತಪ್ಪಾಗದು.

ಆ ರಟ್ಟಿನ ಕಾರ್ಡಿನಲ್ಲಿ ಗುಟ್ಟೆಂಬುದಿಲ್ಲ. ಅನುಭವಸ್ಥನಾದ ನೇಕಾರನು ಅದನ್ನು ಬೆಳಕಿಗೆ ಹಿಡಿದು ಇದು ಸೆರಗಿನದು, ಇದು ಅಂಚಿನದು ಎಂದು ಹೇಳಬಲ್ಲ. ಹರಿದರೆ ಹೊಸ ರಟ್ಟಿಗೆ ತೂತು ಹೊಡೆದು ಮಾಲೆಗೆ ಪೋಣಿಸಬಲ್ಲ. ಕಾರ್ಡು ಅವನದು, ಅದನ್ನು ಓದುವ ವಿದ್ಯೆಯೂ ಅವನದು. ಈ ಎರಡು ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ನಾನು ನೇಕಾರ ಮನೆತನದವನಲ್ಲ. ಆದರೂ ಕಾಲೇಜು ಮುಗಿದ ಸಂಜೆಗಳಲ್ಲಿ ಮಗ್ಗದ ಮನೆಗಳ ಜಗಲಿಯ ಮೇಲೆ ಕುಳಿತು ಆ ವೃತ್ತಿಯ ಮಾತುಗಳನ್ನು ಚೀಟಿಗಳಲ್ಲಿ ಬರೆದುಕೊಳ್ಳುವ ಹವ್ಯಾಸ ನನಗೆ ಅಂಟಿತ್ತು. ಲಾಳಿ, ಕಂಡಿಕೆ, ಹಣಿಗೆ, ಹಾಸು, ಹೊಕ್ಕು – ಹೀಗೆ ಒಂದೊಂದು ಮಾತಿಗೆ ಒಂದೊಂದು ಚೀಟಿ. ನನಗೆ ಹೆಚ್ಚಿನ ಮಾತುಗಳನ್ನು ಹೇಳಿಕೊಟ್ಟವರು ನಮ್ಮ ಹಿಂದಿನ ಬೀದಿಯ ಒಬ್ಬ ಹಿರಿಯ ನೇಕಾರರು. ಓದು ಅವರಿಗೆ ಅಷ್ಟಕ್ಕಷ್ಟೇ. ನುಡಿ ಮಾತ್ರ ಅಚ್ಚುಕಟ್ಟು. ಅವರ ಮಗ ನನ್ನ ವಿದ್ಯಾರ್ಥಿ. 2011ರಲ್ಲಿ ಒಂದು ಲ್ಯಾಪ್‌ಟಾಪ್ ಕೊಂಡು, ಅಂದಿನ ಒಂದು ಕನ್ನಡ ತಂತ್ರಾಂಶದಲ್ಲಿ ಆ ಚೀಟಿಗಳನ್ನೆಲ್ಲ ನಾನೇ ಟೈಪು ಮಾಡಿದೆ. ಚೀಟಿಗಳ ಪೆಟ್ಟಿಗೆಗೆ ಗೆದ್ದಲು ಹಿಡಿದಾಗ, ಹೇಗೂ ಯಂತ್ರದಲ್ಲಿದೆಯಲ್ಲ ಎಂದು ನಿಶ್ಚಿಂತನಾಗಿದ್ದೆ.

ಆ ಲ್ಯಾಪ್‌ಟಾಪಿನೊಡನೆ ಬಂದದ್ದು ವಿಂಡೋಸ್ 7. ಅದಕ್ಕೆ ತಯಾರಕರ ರಕ್ಷಣೆ 2020ರ ಜನವರಿ 14ಕ್ಕೆ ಮುಗಿಯಿತು. 2022ರ ಮಳೆಗಾಲದ ಹೊತ್ತಿಗೆ ಯಂತ್ರ ಏದುಸಿರು ಬಿಡುತ್ತಿತ್ತು. ಒಂದು ದಿನ ಏಳಲೇ ಇಲ್ಲ. ಬೆಂಗಳೂರಿನ ಅಂಗಡಿಯವರು, "ಇದನ್ನು ಗುಜರಿಗೆ ಹಾಕಿ, ಹೊಸದು ತೊಗೊಳ್ಳಿ" ಎಂದರು. ಆಗ ನೆನಪಾದವನೇ ಆ ನೇಕಾರರ ಮಗ. ಅವನು ಆ ವೇಳೆಗೆ ವಿದ್ಯುನ್ಮಾನ ಜಕಾರ್ಡುಗಳ ರಿಪೇರಿ ಕೆಲಸದಲ್ಲಿ ಊರಿನಲ್ಲೆಲ್ಲ ಹೆಸರಾಗಿದ್ದ. ಅಂಥ ಜಕಾರ್ಡಿಗೆ ರಟ್ಟಿನ ಕಾರ್ಡು ಬೇಕಿಲ್ಲ. ಸೀರೆಯ ವಿನ್ಯಾಸವೆಲ್ಲ ಒಂದು ಕಡತವಾಗಿ ಯಂತ್ರದ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತದೆ. ಅವನನ್ನು ಕರೆಯಲು ನನಗೆ ಕೊಂಚ ಸಂಕೋಚವಿತ್ತು. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ.

ಅವನು ಬಂದು ನೋಡಿ, "ಯಂತ್ರ ಗಟ್ಟಿಯಾಗಿದೆ ಸಾರ್. ಲಿನಕ್ಸ್ ಹಾಕೋಣ" ಎಂದ.

ಲಿನಕ್ಸ್ ಎಂದರೇನೆಂದು ಬಲ್ಲವರು ಕ್ಷಮಿಸಬೇಕು. ಅರಿಯದವರಿಗೆ ಎರಡು ಮಾತು ಅಗತ್ಯ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯಿಂದ ಒಂದು ಹೊಸ ಮುದ್ರಣಯಂತ್ರ ಬಂದಿತು. ಆಗಾಗ ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡೊಡನೆ ಎಲ್ಲರಿಗೂ ಸೂಚನೆ ಹೋಗುವಂತೆ ಮಾಡಬಹುದೆಂದು ರಿಚರ್ಡ್ ಸ್ಟಾಲ್‌ಮನ್ ಎಂಬಾತ ಅದರ ತಂತ್ರಾಂಶದ ಮೂಲಪಾಠವನ್ನು ಹುಡುಕಿಕೊಂಡು ಬೇರೊಂದು ವಿಶ್ವವಿದ್ಯಾನಿಲಯದ ಸಂಶೋಧಕನ ಬಳಿಗೆ ಹೋದ. ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತುಕೊಟ್ಟಿದ್ದೇನೆ ಎಂದು ಆ ಸಂಶೋಧಕ ಇಲ್ಲವೆಂದ. ವಿದ್ವಾಂಸನು ವಿದ್ವಾಂಸನಿಗೆ ಪಾಠ ಕೊಡಲಿಲ್ಲ! ಈ ನೋವೂ ಸೇರಿಕೊಂಡು, ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವನ್ನು ಕಟ್ಟುವ ಕಾರ್ಯವನ್ನು ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ. 1991ರಲ್ಲಿ ಫಿನ್ಲೆಂಡಿನ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ತಿರುಳು ಅದಕ್ಕೆ ಕೂಡಿಕೊಂಡಿತು. ಅದೇ ಲಿನಕ್ಸ್.

ಒಂದು ಗಂಟೆಯೊಳಗೆ ನನ್ನ ಮುದಿ ಯಂತ್ರ ಎದ್ದು ಕುಳಿತಿತು. ಪರದೆ ಬೆಳಗಿತು, ಧ್ವನಿ ಬಂದಿತು. ಮೆನುಗಳು ಕನ್ನಡದಲ್ಲಿ ತೋರಿದವು. ಸ್ವಯಂಸೇವಕರು ಕೂತು ಅನುವಾದಿಸಿದವು ಅವು. ಅಕ್ಷರಗಳಲ್ಲಿ 'ಗುಬ್ಬಿ', 'ನವಿಲು' ಎಂದು ಹೆಸರುಗಳಿದ್ದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಅಲ್ಲಿ ಸಿದ್ಧವಾಗಿತ್ತು. ಎಲ್ಲವೂ ಇತ್ತು, ಇಲ್ಲದ್ದು ಒಂದೇ, ವೈಫೈ.

ಅವನು ಲ್ಯಾಪ್‌ಟಾಪನ್ನು ಬೋರಲು ಮಾಡಿ, ಸಣ್ಣ ತಿರುಪುಗಳನ್ನು ತೆಗೆದು, ಬೆನ್ನಿನ ಮುಚ್ಚಳ ಬಿಚ್ಚಿದ. ಒಳಗೆ ಒಂದು ಗೂಡಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಅಗಲದ, ರೂಪಾಯಿ ನಾಣ್ಯಕ್ಕಿಂತ ತುಸುವೇ ದಪ್ಪದ ಹಸಿರು ಹಲಗೆಯೊಂದು ಸಿಕ್ಕಿಸಿತ್ತು. ಅದರ ತಲೆಗೆ ಕರಿಯದೊಂದು, ಬಿಳಿಯದೊಂದು ನೂಲಿನಂಥ ತಂತಿ. "ಇದೇ ಸಾರ್ ವೈಫೈ ಕಾರ್ಡು" ಎಂದ. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಇಂಥ ಕಾರ್ಡುಗಳನ್ನು ಹೊರಗಿನಿಂದಲೇ ಪಕ್ಕದ ಸೀಳಿನೊಳಗೆ ತುರುಕುತ್ತಿದ್ದರಂತೆ. 1989ರಲ್ಲಿ ಅದಕ್ಕೆಂದೇ ತಯಾರಕರ ಸಂಘವೊಂದು ಹುಟ್ಟಿ ಅಳತೆಗಳನ್ನು ಗೊತ್ತುಮಾಡಿತು. ಬರಬರುತ್ತ ಕಾರ್ಡು ಕುಗ್ಗಿ ಒಳಗೇ ಸೇರಿಕೊಂಡಿತು.

ಕಾರ್ಡನ್ನು ಬಿಗಿಯಾಗಿ ಕೂರಿಸಿ, ಯಂತ್ರ ಹಚ್ಚಿ, ಒಂದು ಆಜ್ಞೆಯನ್ನು ಟೈಪು ಮಾಡಿದ. ನಾಲ್ಕು ನಾಲ್ಕು ಚಿಹ್ನೆಗಳ ಎರಡು ಸಂಖ್ಯೆ ಮೂಡಿದವು. ಮೊದಲನೆಯದು ಕಾರ್ಡನ್ನು ಮಾಡಿದವರ ಗುರುತು, ಎರಡನೆಯದು ಆ ಕಾರ್ಡಿನ ಗುರುತು. ಗೋತ್ರವನ್ನೂ ಹೆಸರನ್ನೂ ಹೇಳಿಕೊಂಡು ನಮಸ್ಕರಿಸಿದ ಹಾಗೆ! ತಯಾರಕರ ಹೆಸರು ಇಲ್ಲಿ ಅನಗತ್ಯ. ಕಾರ್ಡು ಇದೆಯೆಂದು ಲಿನಕ್ಸಿಗೆ ತಿಳಿದಿತ್ತು. ಅದರೊಡನೆ ಮಾತನಾಡಬಲ್ಲ ದುಭಾಷಿಯೂ ಇದ್ದ. ಈ ದುಭಾಷಿಗೆ ಡ್ರೈವರ್ ಎಂದು ಹೆಸರು. ಆದರೆ ಕಾರ್ಡಿಗೆ ತನ್ನದೇ ನೆನಪಿಲ್ಲ. ವಿದ್ಯುತ್ತು ಬಂದಾಗಲೆಲ್ಲ ಅದರ ಕಿವಿಯಲ್ಲಿ ಒಂದು ಮಂತ್ರವನ್ನು ಊದಬೇಕು. ಇಲ್ಲವಾದರೆ ಅದು ಬರಿಯ ಹಲಗೆ. ಆ ಮಂತ್ರಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ತಯಾರಕರು ಸಂಖ್ಯೆಗಳ ಮುದ್ದೆಯಾಗಿ ಕೊಡುತ್ತಾರೆಯೇ ಹೊರತು ಅರ್ಥಸಹಿತವಾಗಿ ಕೊಡುವುದಿಲ್ಲ. ಓದಿ ತಿದ್ದಲಾಗದ್ದನ್ನು ಜೊತೆಗಿಡಬಾರದೆಂಬ ನಿಯಮದಿಂದ ಅವನು ತಂದಿದ್ದ ಆವೃತ್ತಿಯಲ್ಲಿ ಆ ಕಡತ ಇರಲಿಲ್ಲ. ಅಂತರಜಾಲದಿಂದ ತಂದುಕೊಳ್ಳಬಹುದಿತ್ತು. ಆದರೆ ಅಂತರಜಾಲಕ್ಕೆ ಹೋಗಲು ಕಾರ್ಡು ನಡೆಯಬೇಕು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೆ. ಅದರ ಪೂರ್ಣಾರ್ಥ ಅಂದು ತಿಳಿಯಿತು.

ಅವನು ನಕ್ಕು, ತನ್ನ ಫೋನಿಗೆ ತಂತಿ ಹಚ್ಚಿ, ಅದರ ಅಂತರಜಾಲವನ್ನು ಯಂತ್ರಕ್ಕೆ ಹಾಯಿಸಿ, ಕಡತವನ್ನು ತರಿಸಿ ಅದರ ಜಾಗದಲ್ಲಿಟ್ಟ. ಮತ್ತೆ ಯಂತ್ರ ಹಚ್ಚಿದೆವು. ಮಂತ್ರ ಕಿವಿಗೆ ಬಿದ್ದಿತೆಂದು ಯಂತ್ರದ ದಿನಚರಿ ಹೇಳಿತು. ವೈಫೈ ಮಾತ್ರ ಬರಲಿಲ್ಲ. ಮತ್ತೆ ಬಿಚ್ಚಿದೆವು, ತಂತಿಗಳನ್ನು ಒತ್ತಿದೆವು, ರಾತ್ರಿ ಹತ್ತಾಯಿತು. ಕಡೆಗೆ ಅವನಿಗೆ ಏನೋ ಹೊಳೆದು ಲ್ಯಾಪ್‌ಟಾಪಿನ ಅಂಚನ್ನು ಬೆರಳಿನಿಂದ ಸವರಿದ. ಅಲ್ಲೊಂದು ಅಕ್ಕಿಕಾಳಿನಷ್ಟು ಸ್ವಿಚ್ಚು. ಅದು ಆರಿತ್ತು! ಬಟ್ಟೆಯಲ್ಲಿ ಧೂಳು ಒರೆಸುವಾಗ ನಾನೇ ಅದನ್ನು ಸರಿಸಿರಬೇಕು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಸ್ವಿಚ್ಚು ಸರಿಸಿದೊಡನೆ ಬೀದಿಯ ಮನೆಮನೆಯ ವೈಫೈ ಹೆಸರುಗಳು ಪರದೆಯ ಮೇಲೆ ಸಾಲಾಗಿ ಬಂದು ನಿಂತವು.

ನನ್ನ ಕಾರ್ಡಿಗೆ ದುಭಾಷಿಯಾದರೂ ಇದ್ದ. ದುಭಾಷಿಯೇ ಇಲ್ಲದ ಕಾಲವೊಂದಿತ್ತೆಂಬುದನ್ನು ಅವನಿಂದಲೇ ತಿಳಿದೆ. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ಪುಗಳು ಜಗತ್ತಿನಲ್ಲೆಲ್ಲ ಹರಡಿದ್ದರೂ ಅವುಗಳ ವಿವರ ಲಿನಕ್ಸಿನವರಿಗೆ ಸಿಕ್ಕಿರಲಿಲ್ಲ. ಆಗ ಕೆಲವು ಉತ್ಸಾಹಿಗಳು ಎರಡು ತಂಡವಾದರು. ಒಂದು ತಂಡ ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಅದು ಚಿಪ್ಪಿಗೆ ಏನು ಹೇಳುತ್ತದೆ, ಚಿಪ್ಪು ಏನೆಂದು ಉತ್ತರಿಸುತ್ತದೆ ಎಂಬುದನ್ನು ತಮ್ಮ ಮಾತಿನಲ್ಲಿ ವಿವರಿಸಿ ಬರೆಯಿತು. ಇನ್ನೊಂದು ತಂಡ ಮೂಲವನ್ನು ಕಣ್ಣಿನಿಂದಲೂ ನೋಡದೆ, ಆ ವಿವರಣೆಯೊಂದನ್ನೇ ಆಧರಿಸಿ ಹೊಸ ಡ್ರೈವರ್ ಬರೆಯಿತು; ನಕಲು ಮಾಡಿದರೆಂಬ ಮಾತು ಬರಬಾರದೆಂಬ ಎಚ್ಚರ ಅದು. 2006ರಲ್ಲಿ ಆ ಡ್ರೈವರು ಲಿನಕ್ಸಿನ ತಿರುಳಿಗೆ ಸೇರಿತು. 2010ರ ಸೆಪ್ಟೆಂಬರಿನಲ್ಲಿ ಆ ಕಂಪನಿಯೇ ತನ್ನ ಹೊಸ ಚಿಪ್ಪುಗಳಿಗೆ ಬಯಲು ಡ್ರೈವರನ್ನು ಬಿಡುಗಡೆ ಮಾಡಿತು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಜೇಮ್ಸ್ ಪ್ರಿನ್ಸೆಪ್. ಬ್ರಾಹ್ಮಿಲಿಪಿಯನ್ನು ಓದಬಲ್ಲವರು ಭರತಖಂಡದಲ್ಲೇ ಇಲ್ಲದಿದ್ದಾಗ, 1837ರಲ್ಲಿ ಅವನು ಸಾಂಚಿಯ ಕಟಾಂಜನದ ಮೇಲಿನ ಪುಟ್ಟ ಪುಟ್ಟ ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ. ಹೆಚ್ಚಿನವು ಒಂದೇ ಜೋಡಿ ಅಕ್ಷರಗಳಿಂದ ಮುಗಿಯುತ್ತಿದ್ದವು. ಭಕ್ತರು ಕೊಟ್ಟ ಕಾಣಿಕೆಗಳ ಮೇಲೆ ಕೊನೆಗೆ ಏನೆಂದು ಬರೆದಿರಬಹುದು? 'ದಾನಂ' ಎಂದು. ಆ ಒಂದು ಊಹೆಯಿಂದ ಬಾಗಿಲು ತೆರೆಯಿತು. ಆಮೇಲೆ 1915ರಲ್ಲಿ ನಮ್ಮ ರಾಯಚೂರು ಸೀಮೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಓದಲು ಸಿಕ್ಕಿತು. ಕಲ್ಲಿನ ಮುಂದೆ ಕುಳಿತವನಿಗೂ ಕಾರ್ಡಿನ ಮುಂದೆ ಕುಳಿತವರಿಗೂ ಕೆಲಸ ಒಂದೇ: ಮತ್ತೆ ಮತ್ತೆ ಬರುವುದನ್ನು ಗುರುತಿಸುವುದು, ಊಹಿಸುವುದು, ಪರೀಕ್ಷಿಸುವುದು, ಕಂಡುಕೊಂಡದ್ದನ್ನು ಇತರರಿಗೆ ಹೇಳುವುದು. ಕಡೆಯದಿಲ್ಲದಿದ್ದರೆ ಮೊದಲಿನ ಮೂರೂ ವ್ಯರ್ಥ.

ಈ ಧೋರಣೆ ನಮ್ಮ ನೆಲಕ್ಕೆ ಹೊರಗಿನದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ 2001ರ ಸುಮಾರಿಗೆ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ರೂಪಿಸಿದರು. ಅದು ನಡೆಯುತ್ತಿದ್ದದ್ದು ಲಿನಕ್ಸಿನ ಮೇಲೆ. ಅದರ ಯಂತ್ರವಿನ್ಯಾಸವನ್ನೂ ಅವರು ಬಯಲಿಗಿಟ್ಟರು. ಅದರಲ್ಲಿಯೂ ಒಂದು ಕಾರ್ಡಿನ ಸೀಳಿತ್ತು. ಒಂದೇ ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಂಡು, ತಂತಮ್ಮ ಕಾರ್ಡು ಹಾಕಿ ತಂತಮ್ಮ ಕೆಲಸ ಮಾಡಿಕೊಳ್ಳಲಿ ಎಂಬುದು ಉದ್ದೇಶ. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ಆದರೂ ಹಂಚಿಕೊಳ್ಳುವುದನ್ನೇ ಯಂತ್ರದ ಮೊದಲ ಲಕ್ಷಣವಾಗಿ ಭಾವಿಸಿದವರು ನಮ್ಮ ನೆರೆಯಲ್ಲೇ ಇದ್ದರೆಂಬುದು ಸಣ್ಣ ಮಾತಲ್ಲ.

ಇನ್ನು ನನ್ನ ಸಂಕೋಚದ ಕಾರಣ.

ವೈಫೈ ಬಂದ ರಾತ್ರಿಯೇ ಹಳೆಯ ಡಿಸ್ಕಿನಿಂದ ನನ್ನ ಪದಸಂಗ್ರಹದ ಕಡತವನ್ನು ತೆರೆದೆವು. ಪರದೆಯ ತುಂಬ ಇಂಗ್ಲಿಷಿನ ಬಿಡಿ ಅಕ್ಷರಗಳು, ಚುಕ್ಕೆಗಳು, ಕೊಕ್ಕೆಗಳು! ನಾನು ಬಳಸಿದ್ದ ಹಳೆಯ ಅಕ್ಷರವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಆ ಅಕ್ಷರ ಇಲ್ಲದ ಯಂತ್ರದಲ್ಲಿ ಅದು ಕನ್ನಡವೇ ಅಲ್ಲ. ಕನ್ನಡಕ್ಕೆ ತನ್ನದೇ ಜಾಗವಿರುವ ಯುನಿಕೋಡ್ ಆ ವೇಳೆಗೇ ಬಂದಿತ್ತು. ಅದರ ಗೊಡವೆಗೆ ನಾನು ಹೋಗಿರಲಿಲ್ಲ. ಹುಡುಗ ಬಹಳ ಹೊತ್ತು ಪರದೆಯನ್ನೇ ನೋಡಿ, "ಇದರಲ್ಲೇ ಅಲ್ವಾ ಸಾರ್, ಅಪ್ಪ ಹೇಳಿದ್ದೆಲ್ಲ ಇರೋದು?" ಎಂದ.

ಅವನ ತಂದೆ 2021ರಲ್ಲಿ ತೀರಿಕೊಂಡಿದ್ದರು.

ಅವನು 2014ರಲ್ಲಿ ಎಂ.ಎ. ಓದುತ್ತಿದ್ದಾಗ ನೇಕಾರರ ಮಾತುಗಳ ಮೇಲೆ ಕಿರುಪ್ರಬಂಧ ಬರೆಯುವೆನೆಂದು ನನ್ನ ಸಂಗ್ರಹವನ್ನು ಕೇಳಿಕೊಂಡು ಬಂದಿದ್ದ. "ಮೊದಲು ನನ್ನ ಪುಸ್ತಕವಾಗಲಪ್ಪ, ಆಮೇಲೆ ನೋಡೋಣ" ಎಂದು ಕಳುಹಿಸಿದ್ದೆ. ಪುಸ್ತಕ ಆಗಲಿಲ್ಲ. ಅವನು ಬೇರೆ ಯಾವುದೋ ವಿಷಯದ ಮೇಲೆ ಬರೆದು, ಪರೀಕ್ಷೆ ಮುಗಿಸಿ, ರಿಪೇರಿ ಕೆಲಸಕ್ಕೆ ಸೇರಿದ. ಅವನ ತಂದೆಯೇ ಜಗಲಿಯಲ್ಲಿ ಕೂತು, ಕಾಫಿ ಕೊಟ್ಟು, ಒಂದು ಕಾಸೂ ಕೇಳದೆ ನನಗೆ ಹೇಳಿಕೊಟ್ಟ ಮಾತುಗಳನ್ನು ಅವನಿಗೇ ನಾನು ಕೊಟ್ಟಿರಲಿಲ್ಲ. ಕಾರ್ಡು ಮಾಡಿದ ಕಂಪನಿಯನ್ನು ಆ ಸಂಜೆಯೆಲ್ಲ ಬೈದಿದ್ದೆನಷ್ಟೆ. ಅವರಿಗಾದರೂ ಲಾಭವೆಂಬ ನೆಪವಿತ್ತು. ನನ್ನ ನೆಪವೇನು?

ಅವನು ಅದನ್ನು ನೆನಪಿಸಲಿಲ್ಲ. ಪರಿವರ್ತಕವೊಂದನ್ನು ತಂದು ಕಡತವನ್ನು ಯುನಿಕೋಡಿಗೆ ತಿರುಗಿಸಿದ. ಹೆಚ್ಚಿನದು ಓದುವಂತಾಯಿತು. ಕೆಲವೆಡೆ ಒತ್ತಕ್ಷರಗಳು ಕಳಚಿದ್ದವು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಅಂಟಿತ್ತು. ಅರ್ಕಾವತಿ ಹರಿಯುವ ಸೀಮೆಯಲ್ಲಿ ಅರ್ಕಾವತ್ತೇ ದಾರಿ ತಪ್ಪಿತೆಂದು ನಾನೆಂದೆ, ಅವನು ನಕ್ಕ. ಆಮೇಲೆ ಭಾನುವಾರ ಭಾನುವಾರ ಇಬ್ಬರೂ ಕೂತು ಒಂದೊಂದೇ ನಮೂದನ್ನು ತಿದ್ದಿದೆವು. 'ಹೊಕ್ಕು' ಬಂದಾಗ ನನ್ನ ಚೀಟಿಯಲ್ಲಿದ್ದ ಅರ್ಥ 'ಅಡ್ಡನೂಲು' ಎಂದು. ಅವನು ತಡೆದು, "ಅಪ್ಪ ಬರೀ ನೂಲಿಗೆ ಹಾಗನ್ನುತ್ತಿರಲಿಲ್ಲ ಸಾರ್. ಲಾಳಿ ಒಂದು ಸಲ ಆ ಕಡೆಗೆ ದಾಟಿದರೆ ಒಂದು ಹೊಕ್ಕು ಅನ್ನೋರು" ಎಂದ. 'ಹೊಗು' ಎಂಬ ಧಾತುವನ್ನು ತರಗತಿಯಲ್ಲಿ ಎಷ್ಟು ಸಲ ಬಿಡಿಸಿ ಹೇಳಿದ್ದೆ! ನೂಲಿನ ಹಿಂದೆ ಅದು ಹೊಗುವ ಕ್ರಿಯೆ ಇದೆಯೆಂಬುದು ಜಗಲಿಯ ಮೇಲೆ ಕುಳಿತು ಕೇಳಿದವನಿಗೆ ಹೊಳೆದಿರಲಿಲ್ಲ, ಮಗ್ಗದ ಕೆಳಗೆ ಆಡಿ ಬೆಳೆದವನಿಗೆ ತಿಳಿದಿತ್ತು. ಸಂಗ್ರಹವನ್ನು ನಾನು 2014ರಲ್ಲೇ ಕೊಟ್ಟಿದ್ದರೆ ಅವರ ತಂದೆಯೇ ಇಂಥವನ್ನು ಎಷ್ಟು ತಿದ್ದುತ್ತಿದ್ದರೋ! ಆ ನಷ್ಟಕ್ಕೆ ಯಾವ ಪರಿವರ್ತಕವೂ ಇಲ್ಲ.

ಆ ವರ್ಷವೇ, 2022ರ ಅಕ್ಟೋಬರಿನಲ್ಲಿ, ಲಿನಕ್ಸಿನ ಹಿರಿಯ ಪಂಥಗಳಲ್ಲೊಂದಾದ ಡೆಬಿಯನ್ ಸಮುದಾಯದವರು ಮತ ಹಾಕಿ ಒಂದು ತೀರ್ಮಾನಕ್ಕೆ ಬಂದರು: ಮೂಲಪಾಠ ಸಿಗದ ಫರ್ಮ್‌ವೇರ್ ಕಡತಗಳನ್ನೂ ಇನ್ನು ಮುಂದೆ ಅನುಸ್ಥಾಪನೆಯ ಪ್ರತಿಯೊಡನೆ ಕೊಡೋಣ, ಅವುಗಳನ್ನು ಬೇರೆಯೇ ಎಂದು ಗುರುತಿಸೋಣ ಎಂದು. 2023ರ ಜೂನಿನಲ್ಲಿ ಬಂದ ಹನ್ನೆರಡನೆಯ ಆವೃತ್ತಿಯಿಂದ ಹಾಗೆಯೇ ನಡೆದಿದೆ. ಮಡಿ ಕೆಟ್ಟಿತೆಂದು ಕೊರಗಿದವರುಂಟು. ನನಗೆ ಅವರ ಕೊರಗೂ ಅರ್ಥವಾಗುತ್ತದೆ, ಉಳಿದವರ ಕರುಣೆಯೂ ಅರ್ಥವಾಗುತ್ತದೆ. ಬಾಗಿಲಿಗೆ ಬಂದವನಿಗೆ ಮೊದಲು ನೀರು ಕೊಡಬೇಕು. ಬಾವಿಯ ವಿಚಾರವನ್ನು ಆಮೇಲೆ ಹೇಳಬಹುದು. ಆದರೆ ಹೇಳುವುದನ್ನು ಮರೆಯಬಾರದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ರಕ್ಷಣೆಯ ಅವಧಿಯೂ ಮುಗಿಯಿತು. ಗಟ್ಟಿಯಾಗಿದ್ದರೂ ಹಳತೆನ್ನಿಸಿಕೊಂಡ ಲ್ಯಾಪ್‌ಟಾಪುಗಳನ್ನು ಬಗಲಲ್ಲಿಟ್ಟುಕೊಂಡು ನಮ್ಮ ಬೀದಿಯವರು ಈಗ ನನ್ನ ಮನೆಗೂ ಬರುವುದುಂಟು. ನನಗೆ ತಿಳಿದಷ್ಟು ಮಾಡಿಕೊಡುತ್ತೇನೆ. ತಿಳಿಯದಿದ್ದರೆ ಅವನಿಗೆ ಫೋನು ಮಾಡುತ್ತೇನೆ. ಪದಸಂಗ್ರಹದ ಕಡತವನ್ನು ಕೇಳಿದವರಿಗೆಲ್ಲ ಕೊಟ್ಟಿದ್ದೇವೆ. ಅದರ ಮೊದಲ ಪುಟದಲ್ಲಿ ಮೂರು ಹೆಸರಿವೆ. ಮೊದಲನೆಯದು ಹೇಳಿಕೊಟ್ಟವರದು, ಎರಡನೆಯದು ತಿದ್ದಿದವನದು, ಮೂರನೆಯದು ಬರೆದುಕೊಂಡವನದು.

ಕಾರ್ಡು ನಡೆದ ಆ ರಾತ್ರಿ ಅವನು ಹೊರಡುವ ಮುನ್ನ ತಾನು ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಸಾಲು ಸಾಲಾಗಿ ಬರೆದುಕೊಟ್ಟ. "ಮತ್ತೆ ಕೆಟ್ಟರೆ ನಾನೇ ಬರಬೇಕು ಅಂತಿಲ್ಲ ಸಾರ್, ಇದನ್ನು ನೋಡಿ ಯಾರಾದರೂ ಮಾಡಬಹುದು" ಎಂದ. ಮೂವತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿದ್ದೇನೆ. ಅಷ್ಟು ಸ್ವಚ್ಛವಾದ ಉತ್ತರವನ್ನು ಕಂಡಿಲ್ಲ. ಆ ಹಾಳೆ ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ. ಎಲ್ಲಕ್ಕಿಂತ ಮೇಲೆ, ಬೇರೆ ಶಾಯಿಯಲ್ಲಿ, ನಾನು ಸೇರಿಸಿದ ಒಂದು ಸಾಲೂ ಇದೆ: ಮೊದಲು ಪಕ್ಕದ ಸ್ವಿಚ್ಚು ನೋಡುವುದು.